ಸಲಹೆಗೆ ಹೋಗಿ, ಕಂಡದ್ದನ್ನು ತರಗತಿಗೆ ತನ್ನಿ

ರಾಜ್ಯದ ಎಂಬಿಎ ವಿಭಾಗಗಳಲ್ಲಿ ಪಾಠ ಮಾಡುತ್ತಿರುವ ಯುವ ಅಧ್ಯಾಪಕ ಮಿತ್ರರಿಗೆ,



ಕಾಲೇಜಿನಲ್ಲಿ ನ್ಯಾಕ್ ಕಡತ ತೆರೆದಾಗಲೆಲ್ಲ ನಿಮ್ಮ ಮುಂದೆ ಒಂದು ಕೋಷ್ಟಕ ಬಂದು ಕೂರುತ್ತದೆ: ಕನ್ಸಲ್ಟೆನ್ಸಿಯಿಂದ ಬಂದ ವರಮಾನ, ವರ್ಷವಾರು. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೂ ಅದೇ ಅಂಕಿ ಬೇಕು. ಪಕ್ಕದ ಕಾಲೇಜಿನವರು ಲಕ್ಷಗಟ್ಟಲೆ ತೋರಿಸಿದ್ದಾರೆ, ನಮ್ಮದು ಸೊನ್ನೆ ಎಂದು ಆಡಳಿತ ಮಂಡಳಿಯವರು ಸಭೆಯಲ್ಲಿ ಮುಖ ಸಿಂಡರಿಸುತ್ತಾರೆ. ಅದೇ ಸಂಜೆ ಸ್ಟಾಫ್ ರೂಮಿನಲ್ಲಿ, ಕಂಪನಿಗಳ ಬಾಗಿಲು ಕಾಯುವವನು ಪಾಠ ಏನು ಮಾಡಿಯಾನು ಎಂಬ ಮಾತೂ ಕೇಳಿಬರುತ್ತದೆ. ಒಂದು ಕಡೆ ತಳ್ಳುವವರು, ಇನ್ನೊಂದು ಕಡೆ ಎಳೆಯುವವರು. ನಿಮ್ಮಲ್ಲಿ ಹಲವರು ಬೇರೆ ಬೇರೆ ಸಂದರ್ಭಗಳಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಕನ್ಸಲ್ಟಿಂಗ್ ಮಾಡಬೇಕೋ ಬೇಡವೋ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಎಲ್ಲರೂ ಓದುವಂತೆ ಬರೆಯಬೇಕೆನಿಸಿತು. ವೃತ್ತಿಜೀವನದ ಉದ್ದಕ್ಕೂ ಈ ಎರಡು ಕೆಲಸಗಳನ್ನು ಜೊತೆಜೊತೆಗೆ ಮಾಡಿದವನು ನಾನು. ಎರಡನ್ನೂ ಪ್ರೀತಿಯಿಂದ ಮಾಡಿದ್ದೇನೆ.

ಮಾಡಿ. ಖಂಡಿತ ಮಾಡಿ. ಮ್ಯಾನೇಜ್‌ಮೆಂಟ್ ಕಲಿಸುವವನು ಕಾರ್ಖಾನೆಯ ಗೇಟು ದಾಟದೇ ನಿವೃತ್ತನಾಗುವುದು ನಮ್ಮ ವಿದ್ಯಾರ್ಥಿಗಳಿಗೆ ಆಗುವ ಅನ್ಯಾಯ. ಆದರೆ ಹೊರಗೆ ಕಂಡದ್ದು ತರಗತಿಗೆ ಬರಬೇಕು, ಯಾರ ದುಡ್ಡಿನಲ್ಲಿ ಕಂಡಿರಿ ಎಂಬುದೂ ಅದರ ಜೊತೆಗೇ ಬರಬೇಕು. ನಾನು ಈ ಪತ್ರದಲ್ಲಿ ವಾದಿಸುವುದು ಇಷ್ಟನ್ನೇ. ಹೇಳಲು ಸುಲಭ. ಈ ಎರಡನೆಯ ಅರ್ಧವನ್ನು ನಮ್ಮ ವೃತ್ತಿ ನೂರು ವರ್ಷಗಳಿಂದ ಎಷ್ಟು ಸಲ ಮರೆತಿದೆ, ಮರೆತಾಗ ಏನಾಗಿದೆ ಎಂಬುದು ಗೊತ್ತಿದ್ದರೆ ಅದು ಯಾಕೆ ಕಷ್ಟ ಎಂಬುದೂ ತಿಳಿಯುತ್ತದೆ.

ಮೊದಲು ಒಳ್ಳೆಯ ಕಥೆ ಹೇಳುತ್ತೇನೆ. ಇವತ್ತು ಯಾವ ಕಂಪನಿಗೆ ಹೋದರೂ ಎಚ್‌ಆರ್‌ಡಿ, ಅಂದರೆ ಮಾನವ ಸಂಪನ್ಮೂಲ ಅಭಿವೃದ್ಧಿ, ಎಂಬ ಬೋರ್ಡು ಇದೆ. ನೀವು ಆ ವಿಷಯಕ್ಕೆ ಒಂದು ಇಡೀ ಸೆಮಿಸ್ಟರ್ ಮೀಸಲಿಡುತ್ತೀರಿ. ನಮ್ಮ ದೇಶದಲ್ಲಿ ಅದು ಹುಟ್ಟಿದ್ದು ಇಬ್ಬರು ಪ್ರೊಫೆಸರುಗಳ ಕನ್ಸಲ್ಟಿಂಗ್ ಕೆಲಸದಿಂದ. 1974ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ತನ್ನ ಅಧಿಕಾರಿಗಳ ಕೆಲಸದ ಮೌಲ್ಯಮಾಪನ ಪದ್ಧತಿಯನ್ನು ಪರಿಶೀಲಿಸಿ ಕೊಡಿ ಎಂದು ಅಹಮದಾಬಾದ್ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಯಿತು. ಕೇಳಿದ್ದು ಒಂದು ಫಾರಂ ಸರಿಪಡಿಸುವ ಕೆಲಸ. ಅವರು ಒಳಗೆ ಹೋಗಿ ಜನರ ಜೊತೆ ಮಾತಾಡಿದರು. ತೊಂದರೆ ಇದ್ದದ್ದು ಫಾರಂನಲ್ಲಲ್ಲ. ಒಬ್ಬ ಮನುಷ್ಯನ ಈವತ್ತಿನ ಕೆಲಸವನ್ನು ಅಳೆಯುವುದು, ನಾಳೆ ಅವನು ಏನಾಗಬಲ್ಲ ಎಂದು ನೋಡುವುದು, ಅವನನ್ನು ಕೂರಿಸಿಕೊಂಡು ಮಾತಾಡುವುದು, ತರಬೇತಿ ಕೊಡುವುದು, ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯಬಾರದು, ಇವನ್ನು ಒಟ್ಟಾಗಿ ನೋಡಿಕೊಳ್ಳಲು ಬೇರೆಯೇ ವಿಭಾಗ ಬೇಕು ಎಂದು ಅವರು ವರದಿ ಕೊಟ್ಟರು. 1975ರಲ್ಲಿ ಆ ಕಂಪನಿಯಲ್ಲಿ ಎಚ್‌ಆರ್‌ಡಿ ವಿಭಾಗ ಶುರುವಾಯಿತು. ಆಮೇಲೆ ಸ್ಟೇಟ್ ಬ್ಯಾಂಕ್ ಆ ಹಾದಿ ಹಿಡಿಯಿತು. ನಮ್ಮ ಬೆಂಗಳೂರಿನ ಬಿಇಎಂಎಲ್ ಕೂಡ ಮೊದಮೊದಲಿಗೆ ಅದನ್ನು ಒಪ್ಪಿಕೊಂಡ ಸಂಸ್ಥೆಗಳ ಸಾಲಿನಲ್ಲಿದೆ.

ಇಲ್ಲಿ ಗಮನಿಸಬೇಕಾದದ್ದು ಮುಂದಿನ ಹೆಜ್ಜೆ. ವರದಿ ಕೊಟ್ಟು, ಫೀಸು ಪಡೆದು ಅವರು ಸುಮ್ಮನಾಗಲಿಲ್ಲ. ಕಂಡದ್ದನ್ನು ಬರೆದರು, 1981ರಲ್ಲಿ ಪುಸ್ತಕ ಮಾಡಿದರು, ಪಾಠ ಮಾಡಿದರು, ಬೇರೆಯವರು ತಪ್ಪು ಹುಡುಕಲಿ ಎಂದು ಎಲ್ಲರ ಮುಂದಿಟ್ಟರು. ಒಂದು ಕಂಪನಿ ಕೊಂಡುಕೊಂಡ ಸಲಹೆ ಹೀಗೆ ಎಲ್ಲರ ತಿಳಿವಳಿಕೆಯಾಯಿತು. ಪುಸ್ತಕದಿಂದ ಪುಸ್ತಕಕ್ಕೆ ಹೋಗುವ ಅಧ್ಯಾಪಕನಿಗೆ ಅಥವಾ ಕಂಪನಿಯಿಂದ ಕಂಪನಿಗೆ ಹೋಗುವ ಸಲಹೆಗಾರನಿಗೆ ಇದು ಆಗದ ಕೆಲಸ. ಎರಡೂ ಕಡೆ ಕಾಲಿಟ್ಟವರಿಂದಲೇ ಆದದ್ದು.

ಇನ್ನೊಂದು ಕಥೆಯೂ ಅಹಮದಾಬಾದಿನದೇ, ಇನ್ನೂ ಹಳೆಯದು. ಅದು ನನಗೆ ತುಂಬ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1953ರಲ್ಲಿ ಗೌತಮ್ ಸಾರಾಭಾಯಿ ಅವರ ಕ್ಯಾಲಿಕೋ ಮಿಲ್ಲಿಗೆ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ.ಕೆ. ರೈಸ್ ಎಂಬವರು ಸಲಹೆಗಾರರಾಗಿ ಬಂದರು. ಮಿಲ್ಲಿನಲ್ಲಿ ಹೊಸ ಆಟೋಮ್ಯಾಟಿಕ್ ಮಗ್ಗಗಳು ಬಂದಿದ್ದವು, ಉತ್ಪಾದನೆ ಮಾತ್ರ ಏರಿರಲಿಲ್ಲ. ಯಂತ್ರ ಹೊಸದು, ಕಾರ್ಮಿಕರು ಪಳಗಿದವರು, ತಪ್ಪು ಎಲ್ಲಿ? ರೈಸ್ ಶೆಡ್ಡಿನಲ್ಲಿ ನಿಂತು ನೋಡಿದರು. ನೇಯುವುದು, ಬಾಬಿನ್ ತುಂಬುವುದು, ಕಡಿದ ಎಳೆ ಕಟ್ಟುವುದು, ಎಣ್ಣೆ ಹಾಕುವುದು, ಗುಡಿಸುವುದು, ಒಂದೊಂದು ಕೆಲಸಕ್ಕೂ ಒಬ್ಬೊಬ್ಬ. ಒಬ್ಬೊಬ್ಬನ ಹೊಣೆಗೂ ಬೇರೆ ಬೇರೆ ಸಂಖ್ಯೆಯ ಮಗ್ಗ. ಹೀಗಾಗಿ ಯಾವ ಮಗ್ಗವೂ ಯಾರದೂ ಅಲ್ಲ, ಯಾರೂ ಯಾರ ಜೊತೆಗಾರರೂ ಅಲ್ಲ. ಒಂದಿಷ್ಟು ಮಗ್ಗಗಳಿಗೆ ಒಂದು ಗುಂಪು, ಆ ಮಗ್ಗಗಳ ಎಲ್ಲ ಕೆಲಸವೂ ಆ ಗುಂಪಿನ ಹೊಣೆ ಎಂದು ಮಾಡಿದರೆ ಹೇಗೆ ಎಂದು ಅವರು ಕೇಳಿದರು. ಅವರ ನಿರೀಕ್ಷೆಗಿಂತ ಬೇಗ ಕಾರ್ಮಿಕರೇ ಆ ಯೋಚನೆಯನ್ನು ಕೈಗೆತ್ತಿಕೊಂಡು ತಮ್ಮ ತಮ್ಮ ಗುಂಪು ಕಟ್ಟಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. 1958ರಲ್ಲಿ ರೈಸ್ ಇದನ್ನು ಪುಸ್ತಕ ಮಾಡಿದರು. ಅದನ್ನು ಜಗತ್ತಿನ ಬೇರೆ ಬೇರೆ ಕಡೆ ಪಾಠ ಹೇಳಿದರು.

ಕಥೆ ಇಲ್ಲಿಗೇ ನಿಂತಿದ್ದರೆ ಅದೊಂದು ಯಶೋಗಾಥೆಯಾಗಿ ಉಳಿಯುತ್ತಿತ್ತು. ಆದರೆ 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಆ ಮಿಲ್ಲಿಗೆ ಮರಳಿ ಬಂದು, ನಾವು ಹೇಳಿಹೋದದ್ದು ಏನಾಗಿದೆ ಎಂದು ನೋಡಿದರು. ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಹೆಚ್ಚುಕಡಿಮೆ ಹಾಗೇ ಬದುಕಿತ್ತು. ಉಳಿದ ಕಡೆ ಸವೆದು ಹಳೆಯ ರೀತಿಗೇ ಜಾರಿತ್ತು. ಯಾಕೆ ಹೀಗಾಯಿತು ಎಂದು ವಿಚಾರಿಸಿ ಅವರು 1975ರಲ್ಲಿ ಪ್ರಕಟಿಸಿದರು. ಫೀಸು ಕೊಟ್ಟು ಯಾರೂ ಕೇಳದ ಪ್ರಶ್ನೆ ಅದು. ಪಡೆದ ಫೀಸಿಗೆ ತಕ್ಕ ಕೆಲಸವನ್ನು ಸಲಹೆಗಾರ ಎಂದೋ ಮುಗಿಸಿದ್ದ. ಮರಳಿ ಹೋಗಿ ನೋಡಬೇಕೆಂಬ ತಹತಹ ವಿದ್ವಾಂಸನದು. ನನ್ನ ತರಗತಿಯಲ್ಲಿ ಈ ಎರಡನೆಯ ಭಾಗ ಹೇಳದೆ ಮೊದಲ ಭಾಗವನ್ನು ನಾನು ಹೇಳುವುದಿಲ್ಲ. ನೀವೂ ಹಾಗೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಸಣ್ಣ ಕೆಲಸಗಳೂ ಇಷ್ಟೇ ಕಲಿಸುತ್ತವೆ. ವರ್ಕಿಂಗ್ ಕ್ಯಾಪಿಟಲ್ ಅಧ್ಯಾಯವನ್ನು ನಾವೆಲ್ಲ ಒಂದೇ ರೀತಿ ಮಾಡುತ್ತೇವೆ: ದಾಸ್ತಾನು ಎಷ್ಟು ದಿನ, ಬರಬೇಕಾದ ಬಾಕಿ ಎಷ್ಟು ದಿನ, ಕೊಡಬೇಕಾದ ಬಾಕಿ ಎಷ್ಟು ದಿನ, ಕೂಡಿಸಿ ಕಳೆಯಿರಿ. ಬಾಕಿ ಬೇಗ ವಸೂಲು ಮಾಡುವುದು ಒಳ್ಳೆಯ ಆಡಳಿತ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಪೀಣ್ಯದಲ್ಲಿ ನಾಲ್ಕು ಸಿಎನ್‌ಸಿ ಯಂತ್ರ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಒಬ್ಬ ಮಾಲೀಕರ ಜೊತೆ ಕೂತು ಲೆಕ್ಕ ನೋಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅವರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಿಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಬಡ್ಡಿ ಕೇಳಿದ್ದೀರಾ ಎಂದರೆ ಅವರು ನಿಮ್ಮ ಮುಖ ನೋಡುತ್ತಾರೆ. ಕೇಳಿದರೆ ಮುಂದಿನ ಆರ್ಡರ್ ಇಲ್ಲ. ಅತ್ತ ಶನಿವಾರ ಬಂದರೆ ಕೂಲಿ ಕೊಡಬೇಕು, ತಿಂಗಳು ತುಂಬಿದರೆ ಯಂತ್ರದ ಸಾಲದ ಕಂತು ಕಟ್ಟಬೇಕು. ಬಿಲ್ ಹಾಕಿದ್ದಕ್ಕೆ ಜಿಎಸ್‌ಟಿ ಹಣ ಬರುವ ಮುಂಚೆಯೇ ಕಟ್ಟಿರಬೇಕು. ಬಾಕಿ ವಸೂಲಿ ಎಂಬುದು ಆಡಳಿತ ಕೌಶಲದ ಪ್ರಶ್ನೆ ಅಲ್ಲ, ಯಾರ ಕೈ ಮೇಲು ಎಂಬ ಪ್ರಶ್ನೆ ಎನ್ನುವುದು ಆ ಶೆಡ್ಡಿನಲ್ಲಿ ಅರ್ಥವಾಗುತ್ತದೆ. ಹಾಗೆ ಅರ್ಥ ಮಾಡಿಕೊಂಡು ಬಂದ ಮೇಲೆ ಆ ಅಧ್ಯಾಯವನ್ನು ನೀವು ಮೊದಲಿನಂತೆ ಪಾಠ ಮಾಡಲಾರಿರಿ. ಸಣ್ಣ ಉದ್ಯಮಗಳಿಗೆ ಸಕಾಲಕ್ಕೆ ಹಣ ಕೊಡದ ಖರೀದಿದಾರರಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚು ತೋರಿಸಲು ಬಿಡದಂಥ ನಿಯಮ 2024ರಲ್ಲಿ ಜಾರಿಗೆ ಬಂದಾಗ, ಅದು ಯಾಕೆ ಬೇಕಾಯಿತು ಎಂದು ನಿಮ್ಮ ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ.

ಇದೇ ಉದಾಹರಣೆಯನ್ನು ಈಗ ಇನ್ನೊಂದು ಬದಿಯಿಂದ ನೋಡಿ. ನಿಮ್ಮನ್ನು ಕರೆದದ್ದು ಆ ಶೆಡ್ಡಿನವರಲ್ಲ, ಅವರಿಂದ ಮಾಲು ಕೊಳ್ಳುವ ದೊಡ್ಡ ಕಂಪನಿ. ನಗದು ಉಳಿತಾಯ ಮಾಡಿಕೊಡಿ ಎಂದು ಕೇಳುತ್ತಾರೆ. ಲೆಕ್ಕ ಹಾಕಿದರೆ ಅತಿ ಸುಲಭದ ಉಳಿತಾಯ ಸಿಗುವುದು ಪೂರೈಕೆದಾರರಿಗೆ ಕೊಡಬೇಕಾದ ಹಣವನ್ನು ಇನ್ನಷ್ಟು ದಿನ ಮುಂದೂಡುವುದರಲ್ಲಿ. ನೀವು ಹಾಗೆಂದು ಬರೆದುಕೊಟ್ಟಿರಿ, ಫೀಸು ಬಂತು. ಮರುವಾರ ತರಗತಿಯಲ್ಲಿ ಅದೇ ವರ್ಕಿಂಗ್ ಕ್ಯಾಪಿಟಲ್ ಅಧ್ಯಾಯ. ಯಾವ ಮಾತು ಹೇಳುತ್ತೀರಿ? ಕೊಡಬೇಕಾದ ಬಾಕಿಯನ್ನು ಹಿಗ್ಗಿಸುವುದು ಜಾಣತನ ಎಂದೋ, ಅದರ ಭಾರ ಪೀಣ್ಯದ ಶೆಡ್ಡಿನ ಮೇಲೆ ಬೀಳುತ್ತದೆ ಎಂದೋ? ಯಾರೂ ನಿಮ್ಮನ್ನು ಸುಳ್ಳು ಹೇಳಿ ಎಂದು ಒತ್ತಾಯಿಸಿಲ್ಲ, ಲಂಚ ಕೊಟ್ಟಿಲ್ಲ. ಆದರೂ ಎರಡನೆಯ ವಾಕ್ಯ ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಅಪಾಯ ಬರುವುದು ಹೀಗೆ, ಸದ್ದಿಲ್ಲದೆ.

ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ಸಂಸಾರಸ್ಥರಿಗೆ ಅದು ಒಳ್ಳೆಯ ಮಾತು. ಅಧ್ಯಾಪಕನ ಕೆಲಸವೋ ಜಂತಿ ಎಣಿಸುವುದೇ: ಯಾವುದು ಗಟ್ಟಿ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ತಲೆಯೆತ್ತಿ ನೋಡಿ ಹೇಳುವುದು. ಊಟವನ್ನೂ ಮಾಡಿ ಜಂತಿಯನ್ನೂ ಎಣಿಸಬೇಕಾದ ವಿಚಿತ್ರ ಸ್ಥಿತಿ ನಮ್ಮದು. ಊಟ ಬಿಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಉಂಡಿರಿ ಎಂದು ಕೇಳುವವರಿಗೆ ಗೊತ್ತಿರಲಿ. ಆಗ ನಿಮ್ಮ ಎಣಿಕೆಯನ್ನು ಅವರು ತಾವೇ ಸರಿನೋಡಿಕೊಳ್ಳುತ್ತಾರೆ.

ಇದನ್ನು ಮರೆತಾಗ ಏನಾಗಿದೆ ಎಂಬುದನ್ನು ನಮ್ಮ ವಿಷಯದ ಮೂಲಪುರುಷರಿಂದಲೇ ಶುರುಮಾಡೋಣ. ಎಫ್.ಡಬ್ಲ್ಯು. ಟೇಲರ್ ಕಾರ್ಖಾನೆಗಳಿಗೆ ಸಲಹೆ ಕೊಡುತ್ತಿದ್ದ ಎಂಜಿನಿಯರ್. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೆ ಅದರ ಮೊದಲ ವರ್ಷಗಳಲ್ಲೇ ಉಪನ್ಯಾಸ ಕೊಡಲು ಹೋಗುತ್ತಿದ್ದರು. ಅವರ ಪ್ರಸಿದ್ಧ ಕಥೆ ನಿಮಗೆಲ್ಲ ಗೊತ್ತು: ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದಲ್ಲಿ, ಶ್ಮಿಟ್ ಎಂಬ ಕೂಲಿಯವನಿಗೆ ವೈಜ್ಞಾನಿಕವಾಗಿ ಕೆಲಸ ಕಲಿಸಿ ನಲವತ್ತೇಳೂವರೆ ಟನ್ ಹೊರಿಸಿದ್ದು. 1911ರ ಪುಸ್ತಕದಲ್ಲಿ ಬಂದ ಆ ಕಥೆಯನ್ನು ತಲೆಮಾರುಗಳು ವಿಜ್ಞಾನವೆಂದೇ ಓದಿದವು. ಕಾರ್ಖಾನೆಯ ದಾಖಲೆ ತೆಗೆದು ನೋಡಿದ ರೇಜ್ ಮತ್ತು ಪೆರೋನಿ ಎಂಬ ಸಂಶೋಧಕರು 1974ರಲ್ಲಿ, ನಡೆದದ್ದು ಟೇಲರ್ ಹೇಳಿದ ಹಾಗಿರಲಿಲ್ಲ, ಕಥೆಗೆ ಬಹಳ ಬಣ್ಣ ಬಳಿಯಲಾಗಿದೆ ಎಂದು ತೋರಿಸಿದರು. ಒಬ್ಬ ಸಲಹೆಗಾರ ತನ್ನ ಸಲಹೆಯ ಫಲವನ್ನು ತಾನೇ ಹೇಳಿದ. ಪರೀಕ್ಷೆ ಮಾಡಬೇಕಿದ್ದ ವಿದ್ಯಾಲಯ ಅದನ್ನು ಪಾಠ ಮಾಡಿತು. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಟೇಲರ್ ತತ್ತ್ವಗಳಿಗೆ ಈಗಲೂ ಅಂಕಗಳಿವೆ. ಆ 1974ರ ಲೇಖನಕ್ಕೆ ಇಲ್ಲ.

ಇನ್ನು ಸಿ.ಕೆ. ಪ್ರಹ್ಲಾದ್. ಕೊಯಮತ್ತೂರಿನಲ್ಲಿ ಹುಟ್ಟಿ, ಅಹಮದಾಬಾದಿನಲ್ಲಿ ಓದಿ, ಮಿಷಿಗನ್ ವಿಶ್ವವಿದ್ಯಾಲಯದ ಪ್ರೊಫೆಸರಾಗಿ, ದೊಡ್ಡ ದೊಡ್ಡ ಕಂಪನಿಗಳ ಸಲಹೆಗಾರರಾಗಿ ಬೆಳೆದವರು. ಅವರ ಬಗ್ಗೆ ನನಗೆ ಅಪಾರ ಗೌರವ. ಬಡವರನ್ನು ಕೈಚಾಚುವವರೆಂದು ನೋಡದೆ ಗ್ರಾಹಕರೆಂದು, ಉದ್ಯಮಿಗಳೆಂದು ನೋಡಿ ಎಂದು 2004ರಲ್ಲಿ ಬಂದ ಅವರ ಪುಸ್ತಕ ಹೇಳಿತು. ಅದರಲ್ಲಿ ಮಧುರೈನ ಅರವಿಂದ ಕಣ್ಣಾಸ್ಪತ್ರೆ ಇದೆ, ಜೈಪುರದ ಕೃತಕ ಕಾಲಿದೆ. ಹಿಂದೂಸ್ತಾನ್ ಲೀವರ್‌ನ ಅಯೋಡಿನ್ ಉಪ್ಪು ಮತ್ತು ಸೋಪಿನ ಕಥೆಗಳೂ ಇವೆ. ಪ್ರಹ್ಲಾದ್ ಆ ಕಂಪನಿಯ ನಿರ್ದೇಶಕ ಮಂಡಳಿಯ ಸದಸ್ಯರಾಗಿದ್ದರು. ಅದು ಗುಟ್ಟಾಗಿರಲಿಲ್ಲ. ಆದರೂ ಒಬ್ಬ ನಿರ್ದೇಶಕ ತನ್ನ ಕಂಪನಿಯ ಕಥೆಯನ್ನು ಮಾದರಿ ಎಂದು ಹೇಳುವಾಗ ಓದುಗ ಸ್ವಲ್ಪ ಎಚ್ಚರವಾಗಿರಬೇಕಾದದ್ದು ಸಹಜ.

ಈ ಪ್ರಸಂಗದಲ್ಲಿ ನನ್ನ ಮನಸ್ಸು ಮುಟ್ಟಿದ್ದು ಬೇರೆ. ಅದೇ ಮಿಷಿಗನ್ ಬಿಸಿನೆಸ್ ಸ್ಕೂಲಿನ, ಅದೇ ವಿಷಯದ ಇನ್ನೊಬ್ಬ ಪ್ರೊಫೆಸರ್ ಅನೀಲ್ ಕರ್ನಾನಿ. ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಾದವನ್ನೇ ಮರೀಚಿಕೆ ಎಂದು ಕರೆದರು. ಬಡವರ ಮಾರುಕಟ್ಟೆಯ ಲೆಕ್ಕ ಉಬ್ಬಿದ್ದು, ಅವರಿಗೆ ಮಾರುವುದಕ್ಕಿಂತ ಅವರಿಂದ ಕೊಳ್ಳುವುದು, ಅವರಿಗೆ ದುಡಿಮೆ ಕೊಡುವುದು ಮುಖ್ಯ ಎಂದು ವಾದಿಸಿದರು. ಅದೇ ವರ್ಷ ಹಿಂದೂಸ್ತಾನ್ ಲೀವರ್‌ನ ಮುಖ ಬೆಳ್ಳಗಾಗಿಸುವ ಕ್ರೀಮಿನ ಬಗ್ಗೆಯೂ ಬೇರೆಯೇ ಲೇಖನ ಬರೆದರು. ಜಗತ್ಪ್ರಸಿದ್ಧ ಸಹೋದ್ಯೋಗಿಯ ವಾದವನ್ನು ಹೆಸರಿಟ್ಟು, ಲೆಕ್ಕ ಕೊಟ್ಟು ಖಂಡಿಸುವುದು, ಆಮೇಲೂ ಇಬ್ಬರೂ ಅದೇ ವಿದ್ಯಾಲಯದಲ್ಲಿ ಪಾಠ ಮಾಡುವುದು. ವಿಶ್ವವಿದ್ಯಾಲಯ ಎಂದರೆ ಇದೇ. ನಿಮ್ಮ ವಿಭಾಗದ ಮುಖ್ಯಸ್ಥರ ಕನ್ಸಲ್ಟಿಂಗ್ ವರದಿಯನ್ನು ನೀವು ಸೆಮಿನಾರಿನಲ್ಲಿ ಹೀಗೆ ಪ್ರಶ್ನಿಸಬಲ್ಲಿರಾ? ಇಲ್ಲ ಎಂದಾದರೆ ಆ ವಿಭಾಗಕ್ಕೆ ಕನ್ಸಲ್ಟಿಂಗ್ ಹಣಕ್ಕಿಂತ ಮೊದಲು ಬೇಕಾದದ್ದು ಪ್ರಶ್ನೆ ಕೇಳಿಸಿಕೊಳ್ಳುವ ಅಭ್ಯಾಸ.

ಇನ್ನೊಂದು ಪ್ರಸಂಗ ಐಸ್‌ಲ್ಯಾಂಡಿನದು, ಚಿಕ್ಕದು, ಆದರೆ ಕಠೋರ. ಕೊಲಂಬಿಯಾ ಬಿಸಿನೆಸ್ ಸ್ಕೂಲಿನ ಪ್ರೊಫೆಸರ್ ಫ್ರೆಡರಿಕ್ ಮಿಷ್ಕಿನ್ 2006ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರೊಬ್ಬರ ಜೊತೆ ಸೇರಿ ಆ ದೇಶದ ಹಣಕಾಸು ಸ್ಥಿರತೆಯ ಬಗ್ಗೆ ಭರವಸೆಯ ವರದಿ ಬರೆದರು. ಬರೆಸಿದ್ದು ಆ ದೇಶದ ವಾಣಿಜ್ಯ ಮಂಡಳಿ, ಮಿಷ್ಕಿನ್ ಅವರಿಗೆ ಸಂದದ್ದು 1,24,000 ಡಾಲರ್. 2008ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ಮೂರೂ ದೊಡ್ಡ ಬ್ಯಾಂಕುಗಳು ಕುಸಿದವು. 2010ರ 'ಇನ್‌ಸೈಡ್ ಜಾಬ್' ಸಾಕ್ಷ್ಯಚಿತ್ರ ಇದನ್ನು ಜಗತ್ತಿನ ಮುಂದಿಟ್ಟಿತು. ಅದಾದ ಮೇಲೆ, 2011ರಲ್ಲಿ ಕೊಲಂಬಿಯಾ ಬಿಸಿನೆಸ್ ಸ್ಕೂಲು ತನ್ನ ಅಧ್ಯಾಪಕರು ಹೊರಗಿನ ಕೆಲಸಗಳನ್ನು ಬಹಿರಂಗವಾಗಿ ತಿಳಿಸಬೇಕೆಂಬ ನಿಯಮ ಬಿಗಿಮಾಡಿತು. ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘ 2012ರಲ್ಲಿ ತನ್ನ ನಿಯತಕಾಲಿಕಗಳಿಗೆ ಬರೆಯುವವರು, ಹಿಂದಿನ ಮೂರು ವರ್ಷಗಳಲ್ಲಿ ವಿಷಯಕ್ಕೆ ಸಂಬಂಧಪಟ್ಟವರಿಂದ ಹತ್ತು ಸಾವಿರ ಡಾಲರ್ ಅಥವಾ ಹೆಚ್ಚು ಪಡೆದಿದ್ದರೆ ಹೇಳಲೇಬೇಕು ಎಂದಿತು. ವರದಿ ತಪ್ಪಾದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಆ ಹೊತ್ತಿನಲ್ಲಿ ಎಷ್ಟೋ ಜನರ ಅಂದಾಜು ತಪ್ಪಿತ್ತು. ಆದರೆ ಒಬ್ಬ ಪ್ರೊಫೆಸರ್ ಮಾತಾಡಿದಾಗ ಜನ ನಂಬುವುದು ಅವನ ಹಿಂದಿರುವ ವಿದ್ಯಾಲಯವನ್ನು. ಆ ನಂಬಿಕೆ ಅವನೊಬ್ಬನ ಸೊತ್ತಲ್ಲ. ಹಿಂದೆ ಪಾಠ ಮಾಡಿದವರು, ಮುಂದೆ ಮಾಡಲಿರುವವರು, ಎಲ್ಲರದೂ ಅದರಲ್ಲಿ ಪಾಲಿದೆ. ಬಾಡಿಗೆಗೆ ಕೊಡುವ ಹಕ್ಕು ಯಾರಿಗೂ ಇಲ್ಲ.

ಇದೆಲ್ಲ ಹಾರ್ವರ್ಡ್, ಕೊಲಂಬಿಯಾದ ಮಾತಾಯಿತು, ನಮಗೆಲ್ಲಿ ಅಂಥ ಕಂಪನಿ, ಅಂಥ ಹಣ ಎಂದು ನೀವು ಕೇಳಬಹುದು. ನಿಜ. ನಿಮ್ಮಲ್ಲಿ ಬಹುಪಾಲು ಜನ ಖಾಸಗಿ ಕಾಲೇಜುಗಳಲ್ಲಿದ್ದೀರಿ. ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ನಿಮಗೆ ಅದರ ಮೇಲೆ ಅಡ್ಮಿಷನ್ ಕೆಲಸ, ಪ್ಲೇಸ್‌ಮೆಂಟ್ ಕೆಲಸ, ಕಡತದ ಕೆಲಸ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ದೊಡ್ಡ ಸಂಸ್ಥೆಗಳಲ್ಲಿ ವಾರಕ್ಕೊಂದು ದಿನ ಹೊರಗಿನ ಕೆಲಸಕ್ಕೆ ಬಿಡುವ ರೂಢಿ ಇದೆ, ಫೀಸಿನಲ್ಲಿ ಸಂಸ್ಥೆಗಿಷ್ಟು ಅಧ್ಯಾಪಕರಿಗಿಷ್ಟು ಎಂದು ಬರೆದಿಟ್ಟ ಪಾಲಿದೆ. ನಿಮಗೆ ದಿನವನ್ನೂ ಬಿಡದೆ, ಪಾಲನ್ನೂ ಹೇಳದೆ, ಕನ್ಸಲ್ಟೆನ್ಸಿ ತನ್ನಿ ಎಂದರೆ ಅದು ಅನ್ಯಾಯ. ಇದನ್ನು ಓದುತ್ತಿರುವ ಆಡಳಿತ ಮಂಡಳಿಯವರು ಯಾರಾದರೂ ಇದ್ದರೆ ಅವರಿಗೆ ಹೇಳುತ್ತಿದ್ದೇನೆ: ಬಿಡುವಿನ ದಿನ ಮತ್ತು ಪಾಲು, ಎರಡನ್ನೂ ಕಾಗದದ ಮೇಲೆ ಬರೆದುಕೊಡಿ. ಕೋಷ್ಟಕ ತುಂಬಲೆಂದು ಪರಿಚಯದ ಅಂಗಡಿಯಿಂದ ಒಂದು ಇನ್‌ವಾಯ್ಸ್ ತರಿಸಿ ಅಂಟಿಸುವ ಅಭ್ಯಾಸಕ್ಕೆ ನಿಮ್ಮ ಅಧ್ಯಾಪಕರನ್ನು ದಯವಿಟ್ಟು ತಳ್ಳಬೇಡಿ.

ಬಡತನದಲ್ಲೂ ನಡೆಯುವ ಒಂದು ತಪ್ಪಿದೆ, ಅದು ನನ್ನನ್ನು ತುಂಬ ಕಾಡುತ್ತದೆ. ಅಧ್ಯಾಪಕ ಒಂದು ಮಾರುಕಟ್ಟೆ ಸಮೀಕ್ಷೆ ಒಪ್ಪಿಕೊಳ್ಳುತ್ತಾನೆ. ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗಿ ಫಾರಂ ತುಂಬುವುದು ಎರಡನೆಯ ಸೆಮಿಸ್ಟರಿನ ಹುಡುಗ ಹುಡುಗಿಯರು. ಅದಕ್ಕೆ ಲೈವ್ ಪ್ರಾಜೆಕ್ಟ್ ಎಂಬ ಹೆಸರು, ಇಂಟರ್ನಲ್ ಅಂಕದ ಆಸೆ. ವರದಿಯ ಮೇಲೆ ಅವರ ಹೆಸರಿಲ್ಲ, ಫೀಸಿನಲ್ಲಿ ಪಾಲಿಲ್ಲ, ಬಸ್ ಚಾರ್ಜು ಕೂಡ ಕೈಯಿಂದ. ಅವರಲ್ಲಿ ಎಷ್ಟೋ ಮಕ್ಕಳು ಸಾಲ ಮಾಡಿ ಓದುತ್ತಿರುವವರು. ಅವರನ್ನು ಕರೆದುಕೊಂಡು ಹೋಗಿ, ಅದು ಅವರಿಗೆ ಬಹಳ ಒಳ್ಳೆಯದು. ಆದರೆ ಈ ಕೆಲಸಕ್ಕೆ ಯಾರು ಎಷ್ಟು ಕೊಡುತ್ತಿದ್ದಾರೆ ಎಂದು ಮೊದಲೇ ಹೇಳಿ, ದಿನಗೂಲಿ ಕೊಡಿ, ವರದಿಯಲ್ಲಿ ಹೆಸರು ಹಾಕಿ, ಬರುವುದಿಲ್ಲ ಎಂದವರ ಅಂಕ ಕಡಿಯಬೇಡಿ. ಕಾರ್ಮಿಕ ಸಂಬಂಧಗಳ ಪಾಠ ಮಾಡುವ ವಿಭಾಗದಲ್ಲೇ ಬಿಟ್ಟಿ ಚಾಕರಿ ನಡೆದರೆ ಆ ಪಾಠಕ್ಕೆ ಬೆಲೆಯೇನು?

ಯಾರ ಬಳಿಗೆ ಹೋಗಬೇಕು ಎಂಬುದಕ್ಕೆ ಬರುತ್ತೇನೆ. ಕನ್ಸಲ್ಟಿಂಗ್ ಎಂದರೆ ವೈಟ್‌ಫೀಲ್ಡಿನ ಗಾಜಿನ ಕಟ್ಟಡ ಎಂಬ ಕಲ್ಪನೆ ನಮ್ಮ ಹುಡುಗರಲ್ಲಿ ಬೇರೂರಿದೆ. ಬೆಂಗಳೂರಿನ ಐಐಎಂ ಹುಟ್ಟಿದ್ದು ಹೇಗೆ ಎಂದು ಅವರಿಗೆ ಹೇಳಿ. ಮಣಿಪಾಲದ ಟಿ.ಎ. ಪೈ ಅವರ ಒತ್ತಾಸೆಯಿಂದ ಕರ್ನಾಟಕ ಸರ್ಕಾರ 100 ಎಕರೆ ಜಮೀನನ್ನೂ 30 ಲಕ್ಷ ರೂಪಾಯಿಯನ್ನೂ ಕೊಟ್ಟಿತು. 1973ರ ಅಕ್ಟೋಬರ್ 28ರಂದು ಇಂದಿರಾ ಗಾಂಧಿ ಉದ್ಘಾಟಿಸಿದ ಆ ಸಂಸ್ಥೆಯನ್ನು ಮೊದಲು ಉದ್ದೇಶಿಸಿದ್ದು ಸಾರ್ವಜನಿಕ ಉದ್ಯಮಗಳ ಆಡಳಿತ ಸುಧಾರಿಸಲೆಂದು. ಅದರ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ತಲೆಕೆಡಿಸಿಕೊಂಡ ವಿಷಯ ಯಾವುದು ಗೊತ್ತೆ? ಎತ್ತಿನ ಗಾಡಿ. ದೇಶದ ಸರಕಿನ ಎಷ್ಟೊಂದು ಪಾಲು ಎತ್ತುಗಳ ಹೆಗಲ ಮೇಲೆ ಸಾಗುತ್ತದೆ, ಆ ನೊಗ ಎತ್ತಿನ ಕತ್ತಿಗೆ ಎಷ್ಟು ಗಾಯ ಮಾಡುತ್ತದೆ, ಗಾಡಿಯ ವಿನ್ಯಾಸವನ್ನು ಯಾಕೆ ಯಾರೂ ಸುಧಾರಿಸಿಲ್ಲ ಎಂದು ಅವರು ವರ್ಷಗಟ್ಟಲೆ ಕೆಲಸ ಮಾಡಿದರು. ಗಾಡಿ ಹೊಡೆಯುವವರಲ್ಲಿ ಯಾರೂ ಅವರಿಗೆ ಫೀಸು ಕೊಡುವ ಸ್ಥಿತಿಯಲ್ಲಿರಲಿಲ್ಲ.

ರವಿ ಮತ್ತಾಯಿ ಅವರದೂ ಇಂಥದೇ ಹಾದಿ. ಅಹಮದಾಬಾದ್ ಐಐಎಂನ ಮೊದಲ ಪೂರ್ಣಾವಧಿ ನಿರ್ದೇಶಕರಾಗಿ 1965ರಿಂದ ಅದನ್ನು ಕಟ್ಟಿದವರು, 1972ರಲ್ಲಿ ತಾವಾಗಿಯೇ ಆ ಕುರ್ಚಿ ಬಿಟ್ಟು ಅಲ್ಲೇ ಸಾಮಾನ್ಯ ಪ್ರೊಫೆಸರಾಗಿ ಉಳಿದರು. 1975ರಿಂದ ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಜವಾಜಾ ಎಂಬ ಬರದ ಸೀಮೆಯಲ್ಲಿ ನೇಕಾರರ ಜೊತೆ, ಚರ್ಮದ ಕೆಲಸದವರ ಜೊತೆ ಕೂತರು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಕೈಜೋಡಿಸಿದರು. ಮಾಲು ಯಾವುದು ಮಾಡಬೇಕು, ಎಲ್ಲಿ ಮಾರಬೇಕು, ಲೆಕ್ಕ ಹೇಗಿಡಬೇಕು, ಕೊನೆಗೆ ಹೊರಗಿನವರ ಹಂಗಿಲ್ಲದೆ ಹೇಗೆ ನಡೆಸಬೇಕು ಎಂಬುದನ್ನು ಅವರ ಜೊತೆಗೇ ಕಲಿತರು. ಕಂಪನಿಗಳ ಬೋರ್ಡ್ ರೂಮಿನಲ್ಲಿ ಕೇಳುವ ಪ್ರಶ್ನೆಗಳೇ ಇವು. ಅಲ್ಲಿ ಅವನ್ನು ಕೇಳಿಸಿಕೊಂಡವರು ಒಬ್ಬ ನೇಕಾರ, ಒಬ್ಬ ಚಮ್ಮಾರ.

ನಿಮ್ಮ ಕಾಲೇಜಿನ ಸುತ್ತಲೂ ಇಂಥವರು ಇದ್ದಾರೆ. ಕಲಬುರ್ಗಿಯವರಿಗೆ ತೊಗರಿ ಬೆಳೆಗಾರರ ಉತ್ಪಾದಕ ಕಂಪನಿಗಳಿವೆ. ಬೇಳೆ ಮಾಡಿ ಮಾರಬೇಕೋ, ಕಾಳನ್ನೇ ಮಾರಬೇಕೋ ಎಂಬ ಲೆಕ್ಕ ಹಾಕಿಕೊಡುವವರಿಗಾಗಿ ಅವರು ಕಾಯುತ್ತಿದ್ದಾರೆ. ಬೆಳಗಾವಿಯವರಿಗೆ ಫೌಂಡ್ರಿಗಳಿವೆ, ಇಳಕಲ್ಲಿನ ಹತ್ತಿರದವರಿಗೆ ಸೀರೆ ನೇಯುವ ಮನೆಗಳು, ಚನ್ನಪಟ್ಟಣದವರಿಗೆ ಗೊಂಬೆ ಮಾಡುವವರು. ಹಾಲಿನ ಸಹಕಾರ ಸಂಘವಂತೂ ಎಲ್ಲ ಕಡೆ ಇದೆ. ಅವರ ಲೆಕ್ಕದ ಪುಸ್ತಕ ಬಿಡಿಸಿದರೆ ನಿಮ್ಮ ಇಡೀ ಸಿಲಬಸ್ ಕನ್ನಡದಲ್ಲಿ ಬರೆದಿರುತ್ತದೆ. ಫೀಸು ಸಿಗುವ ಎರಡು ಕೆಲಸಕ್ಕೆ, ಸಿಗದ ಒಂದು ಕೆಲಸವನ್ನು ಜೊತೆಗಿಟ್ಟುಕೊಳ್ಳಿ. ಪಾಠಕ್ಕೆ ಹೆಚ್ಚು ಒದಗುವುದು ಬಹುಮಟ್ಟಿಗೆ ಆ ಮೂರನೆಯದೇ. ಯಾಕೆಂದರೆ ಅಲ್ಲಿ ಕಂಡದ್ದನ್ನು ಹೇಳಬೇಡಿ ಎನ್ನುವ ಎನ್‌ಡಿಎ ಯಾರೂ ಮುಂದೆ ಹಿಡಿಯುವುದಿಲ್ಲ.

ಎನ್‌ಡಿಎ ಮಾತು ಬಂದದ್ದರಿಂದ ಒಪ್ಪಂದದ ಬಗ್ಗೆ ಹೇಳಿ ಮುಗಿಸುತ್ತೇನೆ. ಕಂಪನಿಯ ಗುಟ್ಟನ್ನು ಕಾಪಾಡುವುದು ನಿಮ್ಮ ಧರ್ಮ. ಬೆಲೆ, ಗ್ರಾಹಕರ ಪಟ್ಟಿ, ತಂತ್ರಜ್ಞಾನ, ಇವು ಹೊರಗೆ ಬರಬಾರದು. ಆದರೆ ಸಹಿ ಹಾಕುವ ಮೊದಲು ಮೂರು ಮಾತು ಸೇರಿಸಿ ಎಂದು ಕೇಳಿ. ಹೆಸರು ಮತ್ತು ಅಂಕಿ ಮರೆಮಾಡಿ ಈ ಅನುಭವವನ್ನು ತರಗತಿಯಲ್ಲಿ ಬಳಸಲು ಒಪ್ಪಿಗೆ, ಸೋತ ಭಾಗವೂ ಸೇರಿದಂತೆ. ನಾನು ಈ ಕಂಪನಿಗೆ ಸಲಹೆಗಾರ ಎಂದು ವಿದ್ಯಾರ್ಥಿಗಳಿಗೂ ನನ್ನ ಲೇಖನಗಳ ಓದುಗರಿಗೂ ಹೇಳಲು ಒಪ್ಪಿಗೆ. ಎರಡು ಮೂರು ವರ್ಷ ಬಿಟ್ಟು, ಫೀಸಿಲ್ಲದೆ, ಒಂದು ದಿನ ಮರಳಿ ಬಂದು ನೋಡಲು ಒಪ್ಪಿಗೆ. ನಾವು ಪಾಠ ಮಾಡುವ ಮುದ್ರಿತ ಕೇಸುಗಳು ಸಾಮಾನ್ಯವಾಗಿ ಆ ಕಂಪನಿಯೇ ಓದಿ ಒಪ್ಪಿ ಸಹಿ ಮಾಡಿಕೊಟ್ಟವು. ಅವುಗಳಲ್ಲಿ ಸೋಲು ಅಪರೂಪವಾಗಿರುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಬಳಿ ಇರುವ ಮರೆಮಾಡಿದ, ಆದರೆ ಪೂರ್ತಿ ಹೇಳಿದ ಅನುಭವ ಆ ಕೊರತೆ ತುಂಬುತ್ತದೆ.

ಈ ಮೂರಕ್ಕೂ ಒಪ್ಪುವ ಮಾಲೀಕರು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ, ನಾನು ಕಂಡಿದ್ದೇನೆ. ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೆ ಎಂಬುದು ನಮ್ಮ ಅಂಜಿಕೆ ಮಾತ್ರ. ಮೊದಲನೆಯದಕ್ಕೆ ಒಪ್ಪದವರ ಜೊತೆ ಕೂತು ಮಾತಾಡಿ, ಏನನ್ನು ಮುಚ್ಚಿಡಬೇಕು ಎಂದು ಪಟ್ಟಿ ಮಾಡಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ. ಎರಡನೆಯದಕ್ಕೆ, ಅಂದರೆ ನಿಮ್ಮ ವಿದ್ಯಾರ್ಥಿಗೆ ನಿಜ ಹೇಳುವುದಕ್ಕೆ ಒಪ್ಪದವರು ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಆ ಕಾಗದಕ್ಕೆ ಸಹಿ ಹಾಕಬೇಡಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಸಹೋದ್ಯೋಗಿ